ಬುತ್ತಿ ಕಡಿಮೆಯಾದ ಗೋಧಿ

ಚಿಕ್ಕತ್ತೆ ಕೆಲಸ ಮುಗಿಸಿ ಹೊರಟಾಗ ಸಂಶೋಧನಾ ಕೇಂದ್ರದ ಗೇಟಿನ ಕಾವಲುಗಾರ ಅವರ ಚೀಲವನ್ನು ನೋಡುವುದಿಲ್ಲ, ತುರುಬನ್ನು ನೋಡುತ್ತಾನೆ. ಗೋಧಿ ಹೂವಿನ ಕೇಸರ ಕೀಳುವ ಸೂಜಿಮೊನೆಯ ಚಿಮಟ ಅಲ್ಲಿರುತ್ತದೆ. ಎರಡೂ ಕೈ ಬೇಕಾದಾಗ ಅದನ್ನು ತಲೆಗೆ ಸಿಕ್ಕಿಸಿಕೊಳ್ಳುವುದು, ಆಮೇಲೆ ಬೆಂಚಿನ ಮೇಲೆಲ್ಲ ಹುಡುಕುವುದು ಅವರ ಅಭ್ಯಾಸ. "ಚಿಮಟಮ್ಮ, ತಲೆ ಖಾಲಿ ಮಾಡಿ ಹೋಗಿ" ಎಂದು ಅವನು ಕೈ ಚಾಚುತ್ತಾನೆ. "ನಿನ್ನದು ಆಗಲೇ ಖಾಲಿ ಇದೆ, ನನ್ನದೂ ಆಗ್ಲಿ ಬಿಡು" ಎಂದು ಇವರು ತೆಗೆದು ಕೊಡುತ್ತಾರೆ. ಆ ಜಾಗದಲ್ಲಿ ಅವರ ನಿಜವಾದ ಹೆಸರು ಎಷ್ಟು ಜನಕ್ಕೆ ಗೊತ್ತೋ ನಾನು ಕಾಣೆ.

ಅವರು ನನ್ನ ಅತ್ತೆಯ ತಂಗಿ. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಎಂದು ಕೇಳಿದರೆ, "ಪುರುಸೊತ್ತಾಗಲಿಲ್ಲ ಕಣೇ" ಎನ್ನುತ್ತಾರೆ. ಅದು ಪೂರ್ತಿ ತಮಾಷೆಯಲ್ಲ. ಅತ್ತೆ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಷ್ಟೂ ವರ್ಷ ನನ್ನ ಗಂಡನಿಗೆ ಉಣ್ಣಿಸಿ, ತಲೆ ಬಾಚಿ, ಶಾಲೆಗೆ ಬಿಟ್ಟು, ಆಮೇಲೆ ತಮ್ಮ ಕೆಲಸಕ್ಕೆ ಓಡುತ್ತಿದ್ದವರು ಇವರೇ. ನನ್ನ ಗಂಡನಿಗೆ ಈಗಲೂ ಹುಷಾರಿಲ್ಲದಾಗ ಬಾಯಲ್ಲಿ ಬರುವುದು "ಅಮ್ಮಾ" ಅಲ್ಲ, "ಚಿಕ್ಕಮ್ಮಾ". ಅತ್ತೆ ಅದಕ್ಕೆ ಒಂದು ದಿನವೂ ಮುಖ ಸಣ್ಣ ಮಾಡಿಕೊಂಡಿದ್ದನ್ನು ನಾನು ನೋಡಿಲ್ಲ. ನನಗೆ ಸಿಕ್ಕ ಗಂಡ ತಟ್ಟೆ ತೊಳೆದಿಡುವವನು, ಮಗು ಅತ್ತರೆ ಎದ್ದು ಹೋಗುವವನು. ಅದನ್ನು ಕಲಿಸಿದವರಿಗೆ ಋಣಿಯಾಗಿರದೆ ಇನ್ನೇನು ಮಾಡಲಿ?

ಬಸ್ ಡಿಪೋ ದಾಟಿದರೆ ಧಾನ್ಯ ಸಂಶೋಧನಾ ಕೇಂದ್ರ. ನಮ್ಮ ಮನೆಯಿಂದ ನಡೆದೇ ಹೋಗಬಹುದು. ಚಿಕ್ಕತ್ತೆ ಅಲ್ಲಿಗೆ ಸೇರಿದ್ದು ಗಾಜಿನ ಬಾಟಲಿ ತೊಳೆಯಲಿಕ್ಕೆ. ಬಾಟಲಿಯ ಒಳಗೆ ಲೋಳೆಯಂಥ ಅಂಟಿನ ಮೇಲೆ ಉಗುರಿನಷ್ಟು ಉದ್ದದ ಗಿಡ ಬೆಳೆಸುತ್ತಾರೆ. ಒಂದು ದಿನ ಆ ಗಿಡ ಎತ್ತಿಡುವ ಹುಡುಗಿ ರಜೆ ಹಾಕಿದ್ದಳು. ಇವರನ್ನು ಕೂರಿಸಿದರು. ಇವರು ಒಂದು ಬೇರೂ ಮುರಿಯದೆ ಎಲ್ಲವನ್ನೂ ಎತ್ತಿಟ್ಟರು. ಮರುದಿನದಿಂದ ಬಾಟಲಿ ತೊಳೆಯಲು ಬೇರೆಯವರು ಬಂದರು. ಅಲ್ಲಿಂದ ಮುಂದೆ ಬಾಟಲಿಯ ಗಿಡವನ್ನು ಮಣ್ಣಿಗೆ ಒಗ್ಗಿಸುವುದು, ತೆನೆ ಬಂದಾಗ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವುದು, ಕಾಗದದ ಚೀಲ ಕಟ್ಟುವುದು, ಕಾಳು ಬಿಡಿಸುವುದು, ಎಲ್ಲ ಅವರ ಪಾಲಿಗೆ ಬಂತು. ಗಾಜಿನಮನೆಯ ಹಿರಿಯ ಕೆಲಸದಾಕೆ ಈಗ ಅವರೇ.

ಬೀದಿಯ ಬೇಕರಿಯವನಿಗೆ ಇದೆಲ್ಲ ಬಹಳ ಮೋಜು. ಬ್ರೆಡ್ ಕಟ್ಟಿ ಕೊಡುತ್ತ, "ಏನಮ್ಮ, ಒಳಗೆ ರಾಕ್ಷಸ ಗೋಧಿ ಮಾಡ್ತಿದೀರಂತೆ? ರಾತ್ರಿ ಎದ್ದು ಓಡಾಡತ್ತಂತೆ?" ಎಂದು ಕೆಣಕುತ್ತಾನೆ.

"ಓಡಾಡಿದ್ರೆ ಒಳ್ಳೇದಾಯ್ತಲ್ಲಪ್ಪ. ನಿನ್ನ ಬ್ರೆಡ್ಡು ಮೂರು ದಿನದಿಂದ ಇದ್ದಲ್ಲೇ ಕೂತಿದೆ" ಎನ್ನುತ್ತಾರೆ ಇವರು.

ನನಗೂ ಮೊದಲು ಆ ಗೋಧಿಯ ವಿಷಯ ಅಷ್ಟಕ್ಕಷ್ಟೇ ಆಗಿತ್ತು. ಹೆರಿಗೆಯಾದ ಮೇಲೆ ಅದು ನನ್ನ ಮನೆಯ ವಿಷಯವಾಯಿತು. ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ ನರ್ಸ್, "ಏನಮ್ಮ, ಒಳಗೆ ಸುಣ್ಣ ಹೊಡೆಸಿದೀಯಾ?" ಎಂದು ಕೇಳಿದ್ದಳು. ಅಷ್ಟು ರಕ್ತ ಕಡಿಮೆ. ಮೆಟ್ಟಿಲು ಹತ್ತಿದರೆ ಎದೆ ಹಾರುತ್ತಿತ್ತು. ಆ ತಿಂಗಳುಗಳಲ್ಲಿ ಬೆಳಗಿನ ಕೆಲಸವನ್ನೆಲ್ಲ ಚಿಕ್ಕತ್ತೆ ಹೇಳದೆ ಕೇಳದೆ ತಮ್ಮ ಮೇಲೆ ಹಾಕಿಕೊಂಡರು. ನಾನು ಏಳುವ ಹೊತ್ತಿಗೆ ಮಗುವಿನ ಬಟ್ಟೆ ಒಗೆದು ಹಗ್ಗದ ಮೇಲಿರುತ್ತಿತ್ತು, ನನ್ನ ತಿಂಡಿ ಮುಚ್ಚಳದಡಿ ಬೆಚ್ಚಗಿರುತ್ತಿತ್ತು. ನಾನು ಏನಾದರೂ ಹೇಳಹೊರಟರೆ, "ಮಾತಾಡಿ ಶಕ್ತಿ ಖರ್ಚು ಮಾಡ್ಬೇಡ, ತಿನ್ನು" ಎನ್ನುತ್ತಿದ್ದರು.

ಮಗಳನ್ನು ನಾವು ಬುಗುರಿ ಎಂದು ಕರೆಯುತ್ತೇವೆ, ಮಲಗಿಸಿದಲ್ಲಿ ಸುತ್ತುತ್ತಲೇ ಇರುತ್ತಾಳೆಂದು. ಅವಳಿಗೆ ಗಂಜಿ ಶುರು ಮಾಡಿದ ಮೇಲೆ ಪರೀಕ್ಷೆ ಮಾಡಿದರೆ ಅವಳಲ್ಲೂ ಕಬ್ಬಿಣದ ಅಂಶ ಸಾಲದು ಎಂದರು. ನನಗೆ ಅಳು ಬಂತು. ದಿನವೂ ಒಳ್ಳೆಯ ಇಡೀ ಗೋಧಿಯನ್ನೇ ಹುರಿದು ಬೀಸಿ ಕೊಡುತ್ತಿದ್ದೆ, ಇನ್ನೇನು ಕೊಡಬೇಕಿತ್ತು?

ಅವತ್ತು ಚಿಕ್ಕತ್ತೆ ಪಕ್ಕದಲ್ಲಿ ಕೂತು ಹೇಳಿದರು: "ಗೋಧಿಯಲ್ಲಿ ಕಬ್ಬಿಣ ಇಲ್ಲ ಅಂತಲ್ಲ ಕಣೇ. ಇದೆ. ಆದ್ರೆ ಕಾಳಿನ ಹೊರಪದರದಲ್ಲಿ ಫೈಟೇಟ್ ಅಂತ ಒಂದಿದೆ. ಅದು ಕಬ್ಬಿಣ, ಸತು ಎಲ್ಲಾನೂ ತಬ್ಬಿ ಹಿಡ್ಕೊಂಡು ಬಿಡತ್ತೆ. ಹೊಟ್ಟೆಗೆ ಹೋದ್ರೂ ಬಹುಪಾಲು ಬಿಡಲ್ಲ. ನೆಂಟರು ಬಾಗಿಲ ತನಕ ಬಂದು ಒಳಗೆ ಬರದೆ ವಾಪಸ್ ಹೋದ್ರು ಅಂತಾರಲ್ಲ, ಹಾಗೆ."

"ಅದನ್ನ ತೆಗೆಯೋಕಾಗಲ್ವಾ?"

"ಅದನ್ನೇ ತಾನೆ ನಾವು ಇಷ್ಟು ವರ್ಷದಿಂದ ಮಾಡ್ತಿರೋದು! ನೀನು ಯಾವತ್ತಾದ್ರೂ ಕೇಳಿದ್ಯಾ? ಜೀನ್ ತಿದ್ದೋದು ಅಂದ್ರೆ ಅದೇ. ಗೋಧಿಯ ಒಳಗೆ ಬರೆದಿರೋದ್ರಲ್ಲಿ ಒಂದು ಕಡೆ ಕತ್ತರಿಸಿ, ಒಂದೆರಡು ಅಕ್ಷರ ಬಿಟ್ಟುಹೋಗೋ ಹಾಗೆ ಮಾಡ್ತಾರೆ. ಆಮೇಲೆ ಅದು ಫೈಟೇಟನ್ನ ಮೊದಲಿನಷ್ಟು ತಯಾರು ಮಾಡಲ್ಲ. ಆ ಕತ್ತರಿ ಕೆಲಸ ಮೇಡಂದು. ನನ್ನದು ಗಿಡ ಸಾಕೋದು. ತೊಂದರೆ ಏನಂದ್ರೆ ಗೋಧಿ ಒಂದೇ ಮಾತನ್ನ ಮೂರು ಕಡೆ ಬರ್ಕೊಂಡಿರತ್ತೆ. ಒಂದು ಕಡೆ ತಿದ್ದಿದ್ರೆ ಇನ್ನೆರಡು ಕಡೆ ನೋಡ್ಕೊಂಡು ತನ್ನ ಹಳೇ ಚಾಳಿ ಮುಂದುವರಿಸತ್ತೆ."

"ನನ್ನ ಮಗನ ಹಾಗೆ ಅನ್ನು" ಎಂದರು ಅತ್ತೆ, ಒಳಗಿನಿಂದ.

"ಮೂರೂ ಕಡೆ ತಿದ್ದಿದ ಗಿಡ ಸಿಗೋಕೆ ಎಷ್ಟು ಬಾಟಲಿ, ಎಷ್ಟು ಕುಂಡ ಹೋದವೋ. ಕೊನೆಗೆ ಒಂದು ಸಿಕ್ತು. ಅದರ ಸಂತಾನವೇ ಈಗ ನಮ್ಮ ಹತ್ರ ಇರೋದು."

"ಹಾಗಾದ್ರೆ ಒಂದು ಹಿಡಿ ತನ್ನಿ ಚಿಕ್ಕತ್ತೆ, ಬುಗುರಿಗೆ ಗಂಜಿ ಮಾಡ್ತೀನಿ" ಎಂದೆ. ಅವರು ಬೆಚ್ಚಿಬಿದ್ದರು. "ಏ! ಸುಮ್ನಿರು! ಪರೀಕ್ಷೆ ಎಲ್ಲಾ ಮುಗಿದು ಒಪ್ಪಿಗೆ ಸಿಗೋ ತನಕ ಒಂದು ಕಾಳೂ ಹೊರಗೆ ಬರೋ ಹಾಗಿಲ್ಲ. ಬಿದ್ದ ಹೊಟ್ಟನ್ನೂ ಆವಿಯಲ್ಲಿ ಬೇಯಿಸಿ ಎಸೀತೀವಿ. ನಿನ್ನ ಮಗಳಿಗೆ ಡಾಕ್ಟರು ಕೊಟ್ಟ ಕಬ್ಬಿಣದ ಹನಿ ಇದೆಯಲ್ಲ, ಅದನ್ನ ತಪ್ಪಿಸದೆ ಹಾಕು. ಈ ಗೋಧಿ ಅವಳ ಮಕ್ಕಳಿಗೆ."

ಅವಳ ಮಕ್ಕಳು! ಇನ್ನೂ ಹಲ್ಲು ಬಾರದ ಮಗುವಿನ ಮಕ್ಕಳ ಗಂಜಿಯ ಯೋಚನೆ ಇವರಿಗೆ. ನಾನು ಅತ್ತದ್ದು ಮರೆತು ನಕ್ಕೆ.

ಆದರೆ ಆ ಗೋಧಿಗೆ ಒಂದು ಕೊರತೆಯಿತ್ತು. ಫೈಟೇಟ್ ಎಂಬುದು ನಮಗೆ ಕಾಟವಾದರೂ ಕಾಳಿಗೆ ಬೇಕಾದದ್ದು. ಮೊಳಕೆಯೊಡೆದು ಬೇರು ಮಣ್ಣು ಹಿಡಿಯುವವರೆಗೆ ಸಸಿಗೆ ಬೇಕಾದ ರಂಜಕ, ಅಂದರೆ ಫಾಸ್ಫರಸ್, ಅದರಲ್ಲಿರುತ್ತದೆ. ಚಿಕ್ಕತ್ತೆಯ ಬಾಯಲ್ಲಿ ಅದು, "ತಾಯಿ ಗಿಡ ಕಟ್ಟಿ ಕಳಿಸಿದ ಬುತ್ತಿ. ನಾವು ಮನುಷ್ಯರ ಮಕ್ಕಳಿಗೆ ಅಂತ ಗೋಧಿಯ ಮಕ್ಕಳ ಬುತ್ತಿ ಕಡಿಮೆ ಮಾಡಿದ್ವಿ." ಹಾಗಾಗಿ ಆ ಕಾಳುಗಳು ತಡವಾಗಿ ಮೊಳೆಯುತ್ತಿದ್ದವು, ಕೆಲವು ಮೊಳೆಯುತ್ತಲೇ ಇರಲಿಲ್ಲ. ಎಷ್ಟೇ ಪೌಷ್ಟಿಕವಾದರೂ ಹೊಲದಲ್ಲಿ ಏಳದ ಗೋಧಿಯನ್ನು ಯಾರು ಬಿತ್ತುತ್ತಾರೆ? ಯಾವ ಯಾವ ತಳಿ ಮುಂದೆ ಹೊಲದ ಪರೀಕ್ಷೆಗೆ ಹೋಗಬೇಕು, ಯಾವುದನ್ನು ಕೈಬಿಡಬೇಕು ಎಂದು ತೀರ್ಮಾನಿಸುವ ಸಭೆ ಹತ್ತಿರ ಬರುತ್ತಿತ್ತು. ಈ ತಳಿ ಸಾಮಾನ್ಯ ಗೋಧಿಯ ಜೊತೆ ಜೊತೆಗೆ ಏಳುತ್ತದೆಂದು ತೋರಿಸದಿದ್ದರೆ ಅದರ ಕಥೆ ಮುಗಿಯಿತು ಎಂದು ಮೇಡಂ ಹೇಳಿದ್ದರು. ಮೇಡಂ ಎಂದರೆ ಆ ಗೋಧಿಯನ್ನು ತಿದ್ದಿದ ವಿಜ್ಞಾನಿ. ಚಿಕ್ಕತ್ತೆಗಿಂತ ಬಹಳ ಚಿಕ್ಕವರು, ಮಾತು ಕಡಿಮೆ.

ಮರಳು ತುಂಬಿದ ಕುಂಡಗಳಲ್ಲಿ ಎರಡೂ ಗೋಧಿ ಬಿತ್ತಿದರು. ಯಾವುದು ಯಾವುದೆಂದು ಗೊತ್ತಾಗದಂತೆ ಕುಂಡಕ್ಕೆ ಬರೀ ಸಂಖ್ಯೆ. ಎಲ್ಲಕ್ಕೂ ಬರೀ ನೀರು, ಒಂದೇ ಅಳತೆ. ನೀರು ಹಾಕುವವರು ಚಿಕ್ಕತ್ತೆ.

ಆ ದಿನಗಳಲ್ಲಿ ಮನೆಗೆ ಬಂದರೆ ಅದೇ ಮಾತು. "ಕಿಟಕಿ ಕಡೆಯ ಸಾಲಿನಲ್ಲಿ ಕೆಲವು ತಲೆ ಎತ್ತೋಕೆ ಒದ್ದಾಡ್ತಿವೆ ಕಣೇ. ನೋಡೋಕಾಗಲ್ಲ." ಸ್ವಲ್ಪ ದಿನ ಕಳೆದ ಮೇಲೆ, "ಪರವಾಗಿಲ್ಲ, ಹಿಡ್ಕೊಂಡ್ವು." ಆಮೇಲೆ ಒಂದು ಸಂಜೆ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದರು. "ಸಮ ಸಮ! ಎರಡೂ ಸಮ ಸಮ ಎದ್ದಿವೆ! ಮೇಡಂ ಅಳತೆ ತಗೊಂಡ್ರು. ಮೇಲಿನವರಿಗೂ ಫೋನ್ ಮಾಡಿ ಹೇಳಿದ್ರು. ನಕ್ಕರು ಕಣೇ ಅವರು, ಹಲ್ಲು ಕಾಣೋ ಹಾಗೆ!"

ಅದೇ ವಾರ ಬುಗುರಿಯನ್ನು ತೂಕ ಮಾಡಿಸಿಕೊಂಡು ಬಂದಿದ್ದೆವು. ಚೆನ್ನಾಗಿ ಏರಿತ್ತು. ರೆಪ್ಪೆಯ ಒಳಗೂ ಬಣ್ಣ ಬಂದಿತ್ತು. ಊಟಕ್ಕೆ ಕೂತಾಗ ಅತ್ತೆ ಹೆಮ್ಮೆಯಿಂದ, "ನನ್ನ ಕೈಯ ಗಂಜಿ. ನಾನು ಬೀಸೋಕೆ ಶುರು ಮಾಡಿದ ಮೇಲೆ ನೋಡಿ ಮಗು ಹೇಗಾಯ್ತು" ಎಂದರು.

"ಅಮ್ಮ, ದಿನಾ ಬೆಳಿಗ್ಗೆ ಮೂಗು ಹಿಡಿದು ಹನಿ ಹಾಕಿದವನು ನಾನು" ಎಂದರು ನನ್ನ ಗಂಡ.

"ಹನಿಯಂತೆ! ಅರ್ಧ ಹನಿ ಅವಳ ಕುತ್ತಿಗೆ ಮೇಲೇ ಇರತ್ತೆ."

"ಎರಡೂ ಒಟ್ಟೊಟ್ಟಿಗೆ ಕೊಟ್ಟಿದೀವಲ್ಲಮ್ಮ, ಯಾವುದರಿಂದ ಏರಿತು ಅಂತ ಈಗ ದೇವರಿಗೂ ಗೊತ್ತಾಗಲ್ಲ. ನೀನೇ ಗೆದ್ದೆ ಅಂತಿಟ್ಕೋ, ಇನ್ನೊಂದು ಸೌಟು ಸಾರು ಹಾಕು."

ನಾವೆಲ್ಲ ನಕ್ಕೆವು. ಚಿಕ್ಕತ್ತೆ ನಗಲಿಲ್ಲ. ಅವರ ಕೈ ತಟ್ಟೆಯಲ್ಲೇ ನಿಂತುಹೋಗಿತ್ತು.

"ಏನಾಯ್ತೇ?" ಎಂದರು ಅತ್ತೆ.

"ಅಕ್ಕ, ನಾನು ಹಾಕ್ದೆ."

"ಏನು ಹಾಕ್ದೆ?"

"ಗೊಬ್ಬರದ ನೀರು. ಆ ಬಡವಾದ ಕುಂಡಗಳಿಗೆ."

ಬಿಡಿಸಿ ಬಿಡಿಸಿ ಕೇಳಿದ ಮೇಲೆ ಅರ್ಥವಾಯಿತು. ಪಕ್ಕದ ಕೋಣೆಯ ದೊಡ್ಡ ಗಿಡಗಳಿಗೆ ಹಾಕುವ ಗೊಬ್ಬರದ ನೀರು ದಿನವೂ ಡಬ್ಬದ ತಳದಲ್ಲಿ ಒಂದಿಷ್ಟು ಉಳಿಯುತ್ತದೆ. ಅದನ್ನು ಮೋರಿಗೆ ಚೆಲ್ಲಬೇಕು. ಚೆಲ್ಲುವ ಮೊದಲು, ಒದ್ದಾಡುತ್ತಿದ್ದ ಸಸಿಗಳ ಬುಡಕ್ಕೆ ಇವರು ಒಂದೊಂದು ಗುಟುಕು ಬಿಟ್ಟಿದ್ದರು. ದಿನವೂ. ಅದನ್ನು ಅವರು ಗೊಬ್ಬರ ಹಾಕಿದ್ದೆಂದು ಎಣಿಸಿರಲೇ ಇಲ್ಲ. ಎಲ್ಲ ಕುಂಡಕ್ಕೂ ಅಳತೆಯ ನೀರು ಹಾಕಿಯಾಗಿತ್ತು. ಇದು ಹೇಗೂ ಚೆಲ್ಲುವ ನೀರು. ತಟ್ಟೆಯಲ್ಲಿ ಉಳಿದದ್ದನ್ನು ಬಾಗಿಲ ಬೆಕ್ಕಿಗೆ ಹಾಕಿದಂತೆ. ಆದರೆ ಅಳತೆಯ ನಂತರ ಸಂಖ್ಯೆ ಬಿಡಿಸಿ ನೋಡಿದಾಗ ಒದ್ದಾಡುತ್ತಿದ್ದವೆಲ್ಲ ತಿದ್ದಿದ ಗೋಧಿಯೇ ಎಂದು ತಿಳಿದ ಮೇಲೆ, ಸಮ ಸಮ ಎದ್ದದ್ದು ಅದರ ಶಕ್ತಿಯಿಂದಲೋ ಇವರ ಗುಟುಕಿನಿಂದಲೋ?

"ಯಾರು ನೋಡಿದ್ರು?" ಎಂದರು ಅತ್ತೆ ಮೆಲ್ಲಗೆ. ತಂಗಿಯ ಮೇಲಿನ ಪ್ರೀತಿ ಹಾಗೆ ಮಾತಾಡಿಸಿತು.

"ಯಾರೂ ನೋಡಿಲ್ಲ. ಅದೇ ಕಷ್ಟ. ಹೇಳಿದ್ರೆ ತಳೀನೇ ಕೈಬಿಡಬಹುದು. ಹೇಳದೇ ಇದ್ರೆ..." ಅವರು ಬುಗುರಿಯ ಕಡೆ ನೋಡಿದರು. ಅವಳು ಚಮಚ ಕಚ್ಚುತ್ತ ಕೂತಿದ್ದಳು. "ಹೇಳದೇ ಇದ್ರೆ ಹೊಲಕ್ಕೆ ಹೋಗತ್ತೆ. ಅಲ್ಲಿ ಡಬ್ಬ ಹಿಡ್ಕೊಂಡು ನಾನು ಇರಲ್ವಲ್ಲ."

ಮರುದಿನ ಬೆಳಿಗ್ಗೆ ಅವರು ತಿಂಡಿ ತಿನ್ನದೆ ಹೋದರು. ಸಂಜೆ ಬಂದವರು ನೀರು ಕುಡಿದು, ನಡೆದದ್ದನ್ನು ನನಗೆ ಹೇಳಿದರು. ಮೇಡಂ ಮೊದಲು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣು ಒತ್ತಿಕೊಂಡರಂತೆ.

"ಆಮೇಲೆ ಬೈದ್ರಾ?"

"ಬೈದ್ರು. ಚೆನ್ನಾಗೇ ಬೈದ್ರು. 'ಹೊಸಬರು ಮಾಡಿದ್ರೆ ಕಲಿಸಬಹುದು. ಹೊಸಬರಿಗೆ ಕಲಿಸೋ ನೀವೇ ಹೀಗೆ ಮಾಡಿದ್ರೆ ನಾನು ಯಾರನ್ನ ನಂಬ್ಲಿ ಚಿಮಟಮ್ಮ?' ಅಂದ್ರು. ಸರಿಯಾದ ಮಾತು. ನಾನು ತಲೆ ತಗ್ಗಿಸಿ ನಿಂತಿದ್ದೆ. ಆಮೇಲೆ ನನ್ನ ಮುಂದೇನೇ ಮೇಲಿನವರಿಗೆ ಫೋನ್ ಮಾಡಿ, 'ಆ ಫಲಿತಾಂಶ ಲೆಕ್ಕಕ್ಕೆ ತಗೋಬೇಡಿ, ನಮ್ಮ ಕಡೆಯಿಂದ ತಪ್ಪಾಗಿದೆ' ಅಂದ್ರು. ನಮ್ಮ ಕಡೆಯಿಂದ ಅಂದ್ರು ಕಣೇ. ನನ್ನ ಹೆಸರು ಎತ್ತಲಿಲ್ಲ."

ಆ ಮೇಡಂ ಬಗ್ಗೆ ನನಗೆ ಅವತ್ತು ಹುಟ್ಟಿದ ಗೌರವ ಇವತ್ತಿಗೂ ಹಾಗೇ ಇದೆ.

ಉಳಿದಿದ್ದ ಕಾಳು ಒಂದು ಸಣ್ಣ ಡಬ್ಬಿಯಷ್ಟು. ಸಭೆಗೆ ಮೊದಲು ಇನ್ನೊಂದೇ ಸಲ ಬಿತ್ತಿ ನೋಡಲು ಸಾಕಾಗುವಷ್ಟು. ಮೇಡಂ ಈ ಸಲ ಮೂರು ಗುಂಪು ಮಾಡಿದರು. ಒಂದು, ಸಾಮಾನ್ಯ ಗೋಧಿ, ಬರೀ ನೀರು. ಎರಡು, ತಿದ್ದಿದ ಗೋಧಿ, ಬರೀ ನೀರು. ಮೂರು, ಅದೇ ತಿದ್ದಿದ ಗೋಧಿ, ಜೊತೆಗೆ ಮೊದಲ ದಿನದಿಂದ ಅಳೆದ ರಂಜಕದ ನೀರು. "ಹಾಕಿದ್ರೆ ಏಳತ್ತೆ ಅಂತ ನಿಮ್ಮ ಕೈ ಹೇಳ್ತಿದೆ. ಎಷ್ಟು ಹಾಕಿದ್ರೆ, ಹಾಕದಿದ್ರೆ ಏನಾಗತ್ತೆ ಅಂತ ನಮಗೆ ಗೊತ್ತಾಗಬೇಕು" ಎಂದರಂತೆ.

ಚಿಕ್ಕತ್ತೆ ಬೇಡಿಕೊಂಡರು: "ನೀರು ಹಾಕೋಕೆ ಬೇರೆ ಯಾರನ್ನಾದ್ರೂ ಇಡಿ ಮೇಡಂ."

"ಬೇರೆಯವರಿಗೂ ಕನಿಕರ ಬರತ್ತೆ. ನಿಮಗಾದ್ರೆ ಈಗ ಅದರ ಬೆಲೆ ಗೊತ್ತಿದೆ. ನೀವೇ ಹಾಕಿ."

ಆ ವಾರಗಳು ನಮ್ಮ ಮನೆಗೆ ಮರೆಯಲಾಗದ ವಾರಗಳು. ಗಾಜಿನಮನೆಯಲ್ಲಿ ಎರಡನೆಯ ಗುಂಪಿನ ಸಸಿಗಳು ಸೊರಗುವುದನ್ನು ನೋಡುತ್ತ, ಅವಕ್ಕೆ ಅಳತೆಯ ನೀರು ಮಾತ್ರ ಹಾಕಿ, ತಳದಲ್ಲಿ ಉಳಿದ ಗೊಬ್ಬರದ ನೀರನ್ನು ಮೋರಿಗೆ ಚೆಲ್ಲಿ ಬರುತ್ತಿದ್ದರು ಚಿಕ್ಕತ್ತೆ. ಚೆಲ್ಲುವಾಗ ಬೇರೆ ಯಾರಾದರೂ ಪಕ್ಕದಲ್ಲಿರಲಿ ಎಂದು ಅವರೇ ಕೇಳಿಕೊಂಡಿದ್ದರು. ಅಲ್ಲಿ ಕಟ್ಟಿಹಾಕಿದ ಕೈ ಇಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಬಾಲ್ಕನಿಯ ಕುಂಡಗಳು ಮುಳುಗಿದವು. ನನ್ನ ತಟ್ಟೆ ಖಾಲಿಯಾಗಲು ಬಿಡುತ್ತಿರಲಿಲ್ಲ. ನಾನು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಬಡಿಸುತ್ತಿದ್ದರು.

"ಅಲ್ಲಿ ಹಾಕೋಕಾಗದ್ದನ್ನೆಲ್ಲ ಇವಳು ನಮ್ಮ ಮೇಲೆ ಹಾಕ್ತಿದಾಳೆ. ಆ ಗೋಧಿ ಬೇಗ ಏನಾದ್ರೂ ಒಂದಾಗ್ಲಪ್ಪ, ನನ್ನ ಮಗ ಬಾಗಿಲಲ್ಲಿ ಹಿಡಿಸೋದು ಕಷ್ಟ ಆಗ್ತಿದೆ" ಎಂದರು ಅತ್ತೆ.

ಒಂದು ಮಧ್ಯಾಹ್ನ ನಾನು ಬಟ್ಟೆ ಮಡಿಸುತ್ತಿದ್ದಾಗ ಚಿಕ್ಕತ್ತೆ ಪಕ್ಕದಲ್ಲಿ ಕೂತು, "ಎಲೆ ತುದಿ ನೇರಳೆ ಬಣ್ಣಕ್ಕೆ ತಿರುಗಿದೆ. ಹಸಿವಾದ್ರೆ ಅವಕ್ಕೆ ಹಾಗಾಗತ್ತೆ" ಎಂದರು. ನಾನು ಬುಗುರಿಯನ್ನು ಎತ್ತಿ ಅವರ ಮಡಿಲಲ್ಲಿ ಕೂರಿಸಿದೆ. ಅವಳ ತಲೆ ಸವರುತ್ತ ಅವರೇ, "ಇರ್ಲಿ. ಸತ್ಯ ಗೊತ್ತಾಗ್ಲಿ" ಎಂದರು.

ಕೊನೆಯ ಅಳತೆಯ ದಿನ ನಾನು ಮಗುವನ್ನು ಎತ್ತಿಕೊಂಡು ಕೇಂದ್ರಕ್ಕೆ ಹೋದೆ. ಮನೆಯಲ್ಲಿ ಕೂರಲು ಆಗಲಿಲ್ಲ. ಹೊರಗಿನವರು ಎರಡನೆಯ ಬಾಗಿಲು ದಾಟುವಂತಿಲ್ಲ. ಮೊದಲ ಬಾಗಿಲ ಒಳಗೆ, ಗಾಜಿನ ಈಚೆ ನಿಂತೆ. ಬೆಂಚಿನ ಮೇಲೆ ಮೂರು ಗುಂಪನ್ನೂ ಈಗ ಬೇರೆ ಬೇರೆಯಾಗಿ ಜೋಡಿಸಿದ್ದರು. ನನ್ನಂಥವಳಿಗೂ ವ್ಯತ್ಯಾಸ ಕಂಡಿತು. ಮಧ್ಯದ ಗುಂಪು ಕುಳ್ಳಗೆ, ಬಣ್ಣಗೆಟ್ಟು, ಅಲ್ಲಲ್ಲಿ ಖಾಲಿ ಕುಂಡ. ಅದರ ಆಚೆ ಈಚೆ ಎರಡೂ ಒಂದೇ ಎತ್ತರ, ಒಂದೇ ಹಸಿರು. ಅಂದರೆ ರಂಜಕದ ನೀರು ಸಿಕ್ಕ ತಿದ್ದಿದ ಗೋಧಿ ಸಾಮಾನ್ಯ ಗೋಧಿಗೆ ಹೆಗಲೆಣೆಯಾಗಿ ನಿಂತಿತ್ತು.

ಮೇಡಂ ಅಳತೆಪಟ್ಟಿ ಕೆಳಗಿಟ್ಟರು. ಬಾಗಿಲು ಓರೆಯಾಗಿದ್ದರಿಂದ ಮಾತು ಕೇಳುತ್ತಿತ್ತು.

"ತಾನಾಗಿ ಏಳಲ್ಲ. ಅದನ್ನ ಮುಚ್ಚಿಡೋ ಹಾಗಿಲ್ಲ, ಸಭೆಯಲ್ಲಿ ಹೇಳ್ತೀನಿ. ಆದ್ರೆ ಬೇಕಾಗಿರೋದು ಬಹಳ ಕಡಿಮೆ. ಬಿತ್ತೋ ಮೊದಲು ಬೀಜಕ್ಕೇ ರಂಜಕ ಲೇಪಿಸಿ ಕೊಡಬಹುದಾ ಅಂತ ನೋಡೋಣ. ಕೈಬಿಡೋ ತಳಿಯಲ್ಲ ಇದು ಅಂತ ನಾನು ವಾದ ಮಾಡಬಲ್ಲೆ. ಮೊದಲಿನ ಫಲಿತಾಂಶ ಇಟ್ಕೊಂಡು ಹೊಲಕ್ಕೆ ಹೋಗಿದ್ರೆ ಅಲ್ಲೇ ಸಾಯ್ತಿತ್ತು."

ಸಭೆ ಒಪ್ಪಿತು. ತಳಿ ಉಳಿಯಿತು. ಬೀಜಕ್ಕೆ ಲೇಪ ಹಚ್ಚಿ ಮತ್ತೆ ಪರೀಕ್ಷಿಸಿ, ಆಮೇಲೆ ಹೊಲಕ್ಕೆ ಎಂದು ತೀರ್ಮಾನವಾಯಿತು. ಆದರೆ ಅದು ಆಮೇಲಿನ ಮಾತು. ಆ ದಿನ ಗಾಜಿನ ಈಚೆ ನಿಂತವಳಿಗೆ ಕಂಡದ್ದನ್ನು ಬರೆಯುತ್ತೇನೆ.

ಮೇಡಂ ಮಾತು ಮುಗಿಸಿ ಕೈ ತೊಳೆಯಲು ತಿರುಗಿದಾಗಲೂ ಚಿಕ್ಕತ್ತೆ ಕದಲಲಿಲ್ಲ. ಆ ಮಧ್ಯದ ಗುಂಪಿನ ಮುಂದೆಯೇ ನಿಂತಿದ್ದರು.

"ಮೇಡಂ, ಅಳತೆ ಎಲ್ಲಾ ಮುಗೀತಾ?"

"ಮುಗೀತಲ್ಲ."

"ಇವಕ್ಕೆ ಇನ್ನೇನೂ ಬರ್ಕೊಳೋದು ಇಲ್ವಾ?"

"ಇಲ್ಲ. ಯಾಕೆ?"

"ಹಾಗಾದ್ರೆ ಈಗ ಹಾಕ್ಲಾ?"

ಮೇಡಂ ತಿರುಗಿ ನೋಡಿದರು. ಅವರ ಹಲ್ಲು ಕಾಣುವ ನಗು ಅವತ್ತು ನನಗೂ ಸಿಕ್ಕಿತು. "ಹಾಕಿ ಚಿಮಟಮ್ಮ, ಹಾಕಿ. ಯಾರು ಬೇಡ ಅಂದ್ರು?"

ಚಿಕ್ಕತ್ತೆ ಡಬ್ಬ ತುಂಬಿಕೊಂಡು ಬಂದರು. ತಳದಲ್ಲಿ ಉಳಿದದ್ದನ್ನಲ್ಲ, ಹೊಸದಾಗಿ ಕಲಸಿದ್ದನ್ನು. ಒಂದೊಂದೇ ಕುಂಡದ ಮುಂದೆ ನಿಂತು, ಬುಡದ ಮರಳು ಕೊಚ್ಚಿಹೋಗದ ಹಾಗೆ ಬೆರಳು ಅಡ್ಡ ಇಟ್ಟು, ನಿಧಾನವಾಗಿ ಬಿಟ್ಟರು. ಆತುರವೇ ಇರಲಿಲ್ಲ. ಬುಗುರಿ ಗಾಜಿಗೆ ಎರಡೂ ಅಂಗೈ ಒತ್ತಿ, ಮೂಗು ಚಪ್ಪಟೆ ಮಾಡಿಕೊಂಡು, ಅವರು ಕಂಡಾಗಲೆಲ್ಲ ಕೂಗಿದಳು. ಅವರು ತಲೆಯೆತ್ತಲಿಲ್ಲ.

ಕೊನೆಗೆ ಕೋಟು ಕಳಚಿ, ಕಾಲು ತೊಳೆದು ಹೊರಗೆ ಬಂದು ಮಗುವಿಗೆ ಕೈ ಚಾಚಿದರು.

"ಎಷ್ಟು ಹೊತ್ತು ಚಿಕ್ಕತ್ತೆ! ಇವಳು ಕೂಗಿ ಕೂಗಿ ಸಾಕಾದ್ಲು. ಏನು ಮಾಡ್ತಿದ್ರಿ?"

"ಏನಿಲ್ಲ ಕಣೇ" ಎಂದರು, ಅವಳನ್ನು ಸೊಂಟಕ್ಕೆ ಏರಿಸಿಕೊಳ್ಳುತ್ತ. "ಹಸಿದವರು ಕಾಯ್ತಿದ್ರು. ಬಡಿಸಿ ಬಂದೆ."